ಹಿಮದ ಮೇಲಿನ ಓಟ, ಒಂದು ಕುಂಟು ನಾಯಿ

ಆದೋನಿಯಲ್ಲಿ ನಮ್ಮ ಹತ್ತಿ ಅಂಗಡಿಯಿಂದ ವಾಚನಾಲಯಕ್ಕೆ ಹೋಗುವ ಓಣಿಯಲ್ಲಿ ಒಂಬತ್ತು ನಾಯಿಗಳಿದ್ದವು. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವನು ನಾನು. ಯಾವುದು ಎಲ್ಲಿ ಮಲಗುತ್ತದೆಂದು ದಿನಚರಿಯಲ್ಲಿ ಬರೆದಿಟ್ಟುಕೊಂಡೇ ನಡೆಯುತ್ತಿದ್ದೆ. ಅಂಥವನು ಆ ಚಳಿಗಾಲ ನಾಯಿಗಳ ಸುದ್ದಿ ಓದಲೆಂದೇ ಆರು ಮಂಗಳವಾರ ತಪ್ಪದೆ ಅಲ್ಲಿಗೆ ಹೋದೆ.

ಮದ್ರಾಸಿನಿಂದ ತಡವಾಗಿ ಬರುತ್ತಿದ್ದ ವಾರಪತ್ರಿಕೆಯಲ್ಲಿ ಕೆನಡಾ ದೇಶದ ಓಟವೊಂದರ ವರ್ಣನೆ ಕಂತುಕಂತಾಗಿ ಬರುತ್ತಿತ್ತು. ಚಕ್ರವಿಲ್ಲದ ಗಾಡಿ, ಎಳೆಯಲು ಏಳು ನಾಯಿ, ದಿನಗಟ್ಟಲೆ ಹಿಮದ ಮೇಲೆ ದಾರಿ. ಮೊದಲ ವಾರ ಚಿತ್ರ ನೋಡಿ ನಕ್ಕೆ. ಎರಡನೆಯ ವಾರ, ಓಡಿಸುವವನು ತಾನು ಉಣ್ಣುವ ಮೊದಲು ನಾಯಿಗಳ ಪಾದಗಳನ್ನು ಒಂದೊಂದಾಗಿ ಒರೆಸಿ ನೋಡುತ್ತಾನೆಂದು ಓದಿದೆ. ಏಳು ನಾಯಿ, ಇಪ್ಪತ್ತೆಂಟು ಪಾದ. ಆ ದಿನ ಅಷ್ಟನ್ನೇ ಬರೆದೆ. ಪತ್ರಿಕೆಯ ಹಾಳೆಗೆ ಅಂಟಿಕೊಂಡಿರುತ್ತಿದ್ದ ಹತ್ತಿಯ ನವಿರು ಇಂದಿಗೂ ಬೆರಳಿಗೆ ನೆನಪಿದೆ.

ನಮ್ಮ ಹಿತ್ತಲ ಬಯಲಲ್ಲಿ ಚಿಪ್ಪಗಿರಿ ಕಡೆಯ ಕುರಿಗಾರನೊಬ್ಬ ವರ್ಷಕ್ಕೊಮ್ಮೆ ಎರಡು ದಿನ ಕುರಿ ನಿಲ್ಲಿಸುತ್ತಿದ್ದ. ಅಲ್ಲಿಂದ ಕೌತಾಳಂ ದಾಟಿ ತುಂಗಭದ್ರೆಯ ದಂಡೆಗೆ ಮೇಯಿಸಲು ಹೋಗುವುದು ವಾಡಿಕೆ. ನಾನು ಅವನನ್ನು ಮಾವ ಎನ್ನುತ್ತಿದ್ದೆ. ಆ ಸಲ ಅವನ ಹೆಣ್ಣುನಾಯಿಯ ಮುಂಗಾಲು ಮುಳ್ಳು ಹೊಕ್ಕು ಬಾತಿತ್ತು.

"ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ ಸಾವ್ಕಾರ. ಒಂದು ರೊಟ್ಟಿ ಹಾಕ್ರಿ, ಬಿದ್ದಿರ್ತೈತಿ," ಎಂದ.

ನಾಯಿ ಆಗಲೇ ಕಂಬದ ಹಗ್ಗ ಕಡಿಯುತ್ತಿತ್ತು. ಬಿಡಿಸಿಕೊಂಡು ಓಣಿಗೆ ಹೋದರೆ ಆ ಒಂಬತ್ತು ನಾಯಿಗಳು ಕುಂಟು ನಾಯಿಯನ್ನು ಉಳಿಸುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನಿಗೆ ಕೊನೆಯ ಕಂತಿನ ಕಥೆ ಹೇಳಿದೆ. ಓಟದಲ್ಲಿ ಮುಂದಿದ್ದವನೊಬ್ಬ ಕುಂಟಿದ ನಾಯಿಯನ್ನು ದಾರಿಯಲ್ಲಿ ಬಿಡದೆ ಗಾಡಿಯ ಮೇಲೆ ಹೇರಿಕೊಂಡು, ಉಳಿದ ಆರರಿಂದಲೇ ಎಳೆಸಿಕೊಂಡು ಬಂದಿದ್ದ.

"ಗೆದ್ದನೇನು?"

"ಇಲ್ಲ ಮಾವ, ಐದನೇವ ಆದ."

"ನಾಯಿ ಹೇರ್ಕಂಡು ಐದನೇವಾ! ಅವನ ಹಿಂದ ಬಂದವ್ರು ಎಮ್ಮಿ ಹೇರ್ಕಂಡಿದ್ರೇನು?" ಎಂದು ನಕ್ಕ. ಆಮೇಲೆ ಬೀಡಿ ಸೇದಿ ಮುಗಿಸಿ, ತುಂಡನ್ನು ನೆಲಕ್ಕೆ ತಿಕ್ಕಿದ. "ನನ್ನ ಹತ್ರ ಗಾಡಿ ಎಲ್ಲೈತಪ್ಪಾ?"

"ಕತ್ತೆ ಐತಲ್ಲ."

"ಅದರ ಮ್ಯಾಲ ಜಾಳಿಗೆ ಚೀಲದ ತುಂಬ ಕುರಿಮರಿ ಅದಾವ."

"ಐದು ಮರಿಯಾಗ ಎರಡು ನಿನ್ನೆಯಿಂದ ನಡೀತಾವ. ನೋಡೀನಿ."

"ಎಣಿಸೇಬಿಟ್ಟೀರೇನು! ಹಂಗಾದ್ರ ಬೆಳಿಗ್ಗೆ ನಾಯಿನ ಎತ್ತಾಕ ಹಿಂಗಾಲು ನೀವೇ ಹಿಡೀರಿ."

ಹಿಡಿದೆ, ಕಣ್ಣು ಮುಚ್ಚಿಕೊಂಡು. ಮೈ ಬಿಸಿಯಾಗಿತ್ತು, ಕುರಿಯ ವಾಸನೆ ಬರುತ್ತಿತ್ತು. ಕಚ್ಚಲಿಲ್ಲ. ಎರಡು ಸಲ ಕತ್ತೆಯ ಮೇಲಿಂದ ಜಾರಿ ಕೆಳಗೆ ಹಾರಿತು. ಮೂರನೆಯ ಸಲ ಮರಿಯೊಂದು ಅದರ ಕೊರಳಿಗೆ ತಲೆಯಿಟ್ಟಿತು, ನಾಯಿ ಸುಮ್ಮನೆ ಕೂತಿತು.

ಕೌತಾಳಂ ದಾರಿಯಲ್ಲಿ ಸ್ವಲ್ಪ ದೂರ ನಾನೂ ಜೊತೆಗೆ ನಡೆದೆ. ಹತ್ತಿ ಬಂಡಿಯವರು ಎತ್ತು ನಿಲ್ಲಿಸಿ, ಕತ್ತೆಯ ಮೇಲಿನ ನಾಯಿಯನ್ನು ನೋಡಿ ಕೂಗಾಡಿದರು. ಅದು ಅವರತ್ತ ತಿರುಗಲಿಲ್ಲ, ನನ್ನತ್ತಲೂ ಇಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು, ಮುಂದೆ ಧೂಳೆಬ್ಬಿಸುತ್ತಿದ್ದ ತನ್ನ ಕುರಿಗಳನ್ನೇ ನೋಡುತ್ತಾ ಹೋಯಿತು.