ತೂಕಕ್ಕೆ ತಕ್ಕ ರಕ್ತ ಇರಲಿಲ್ಲ

ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಸೀರೆಯಲ್ಲಿ ರಕ್ತ ಕಂಡೆ.

ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ನಾಚಿಕೆಯಿಂದಲ್ಲ, ಮೆಕ್ಕೆಜೋಳದ ಕೊಯ್ಲು ಇತ್ತು. ಕೊನೆಗೆ ಕಣದಲ್ಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಶಿಕಾರಿಪುರದಲ್ಲಿ ಸ್ಕ್ಯಾನಿಂಗ್ ಮಾಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಬಯಾಪ್ಸಿ ಮಾಡಿ, ಗರ್ಭಕೋಶದ ಒಳಗೆ ಕೆಟ್ಟಿದೆ, ಈಗಲೇ ತೆಗೆಯದಿದ್ದರೆ ಕ್ಯಾನ್ಸರ್‌ಗೆ ತಿರುಗಬಹುದು ಅಂದರು.

ಸುದ್ದಿ ಕೇಳಿ ಸೊರಬದಿಂದ ಅಳಿಯ ಮಂಜಪ್ಪ ಬಂದರು. ಊದಿದರೆ ಹಾರುವಂಥ ಮೈ. ನನ್ನದೂ ಅವರದೂ ರಕ್ತದ ಗುಂಪು ಒಂದೇ, ಓ ನೆಗೆಟಿವ್.

"ಅತ್ತೆ, ಆಪರೇಷನ್‌ಗೆ ರಕ್ತ ನಾನು ಕೊಡ್ತೀನಿ."

"ನೀವು ಕೊಟ್ರೆ ನಿಮಗೇನು ಉಳೀತದ್ರಿ? ನನ್ನ ಮೈ ನೋಡ್ರಿ, ನೂರಾ ನಾಲ್ಕು ಕೇಜಿ. ನಾಲ್ಕು ಜನಕ್ಕಾಗೋವಷ್ಟು ಐತಿ."

ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ಅಳಿಯನಿಗೆ ಕೊಡುತ್ತಾರೆ, ಅಳಿಯನಿಂದ ತೆಗೆದುಕೊಳ್ಳುವುದಿಲ್ಲ. ಮಗಳ ಮನೆಗೆ ಹೋದರೆ ನನ್ನ ಊಟದ ಅಕ್ಕಿಯನ್ನು ನಾನೇ ಹೊತ್ತುಕೊಂಡು ಹೋಗುವವಳು ನಾನು.

ಆಪರೇಷನ್ ಹಿಂದಿನ ದಿನ ಅನಸ್ತೇಶಿಯಾ ಡಾಕ್ಟರಮ್ಮ ಬಂದರು. ತೂಕ ನೋಡಿದರು, ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಫೋನಿನಲ್ಲಿ ಲೆಕ್ಕ ಹಾಕಿದರು.

"ಅಜ್ಜಿ, ಕೊಬ್ಬಿನಲ್ಲಿ ರಕ್ತ ಕಡಿಮೆ ಇರುತ್ತೆ. ತೆಳ್ಳಗಿರೋರಿಗೆ ಲೆಕ್ಕ ಹಾಕೋ ಹಾಗೆ ಕೇಜಿಗಿಷ್ಟು ರಕ್ತ ಅಂತ ನಿಮಗೂ ಲೆಕ್ಕ ಹಾಕಿದ್ರೆ, ಇಲ್ಲದ ರಕ್ತಾನೂ ಇದೆ ಅಂದ್ಕೊಂಡುಬಿಡ್ತೀವಿ. ಅದರ ಮೇಲೆ ಹಿಮೋಗ್ಲೋಬಿನ್ ಎಂಟು. ಎರಡು ಯೂನಿಟ್ ಕೈಯಲ್ಲಿ ಇಲ್ಲದೆ ನಾನು ಮುಟ್ಟಲ್ಲ."

ಬ್ಲಡ್ ಬ್ಯಾಂಕಿನಲ್ಲಿ ನನ್ನ ಗುಂಪಿನದು ಒಂದೇ ಯೂನಿಟ್ ಇತ್ತು.

ನನಗೆ ಮಾರ್ಕೆಟ್ ಯಾರ್ಡ್ ನೆನಪಾಯಿತು. ಹಸಿ ಮೆಕ್ಕೆಜೋಳ ಒಯ್ದರೆ ಚೀಲ ಭಾರ ಬರುತ್ತದೆ. ದಲ್ಲಾಲಿ ತೂಕ ನೋಡಿ ಮರುಳಾಗುವುದಿಲ್ಲ, ತೇವ ನೋಡುವ ಮೀಟರಿಗೆ ಒಂದು ಹಿಡಿ ಕಾಳು ಹಾಕುತ್ತಾನೆ. ಅಷ್ಟು ವರ್ಷ ಮೆಕ್ಕೆಜೋಳ ಮಾರಿದ ನಾನು ನನ್ನ ಮೈಯನ್ನು ಮಾತ್ರ ಬರೀ ಚೀಲದ ತೂಕದಲ್ಲಿ ನಂಬಿದ್ದೆ.

ಮಗ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವನು, ಅವನ ರಕ್ತ ಬೇಡವೆಂದರು. ಅವನ ಕೈಯಿಂದ ಫೋನು ಇಸಕೊಂಡು ನಾನೇ ಮಾಡಿದೆ.

"ಅಳಿಯಂದ್ರೇ, ಅವತ್ತು ಕೊಡ್ತೀನಿ ಅಂದಿದ್ರಲ್ಲ. ಇನ್ನೂ ಐತಾ?"

"ಎಲ್ಲಿಗೆ ಹೋಗ್ತದೆ ಅತ್ತೆ? ನಿಮ್ಮನೆ ಚಹಾನೂ ಅದ್ರಾಗೇ ಸೇರೈತೆ."

ಸಂಜೆಯೊಳಗೆ ಬಂದು, ತೋಳು ಚಾಚಿ ಮಲಗಿದರು.

ಆಪರೇಷನ್‌ನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ರಕ್ತ ಹೋಯಿತಂತೆ.

ಎರಡೂ ಯೂನಿಟ್ ಬೇಕಾಯಿತು.

ತೆಗೆದ ಗರ್ಭಕೋಶದ ರಿಪೋರ್ಟ್ ಬಂತು, ಕ್ಯಾನ್ಸರ್ ಇಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ತೂಕ ಇಳಿಸಿ ಅಂತಲೂ ಅಂದಿದ್ದಾರೆ, ನೋಡೋಣ. ಎರಡು ಕೇಜಿ ಇಳಿದಿದೆ. ಕಬ್ಬಿಣದ ಮಾತ್ರೆ ನುಂಗುತ್ತೇನೆ, ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ಕಣ್ಣು ಕತ್ತಲೆ ಬರುವುದಿಲ್ಲ.

ಈಗ ಸೊರಬದಲ್ಲಿ ಮಗಳ ಮನೆಯಲ್ಲೇ ಇದ್ದೇನೆ. ಅಳಿಯ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ಈ ಸಲ ನಾನು ಅಕ್ಕಿ ತಂದಿಲ್ಲ.