ಮಾಳಮ್ಮ ಇನ್ನೂ ಮನೆ ಮುಟ್ಟಿಲ್ಲ

ಕಳೆದ ವರ್ಷ ಆಗಸ್ಟ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ನಮ್ಮೂರ ಸರ್ಕಾರಿ ಶಾಲೆಯ ಗೇಟಿನ ಮುಂದೆ ಹಾಜರಿದ್ದವರು ಮುಖ್ಯಶಿಕ್ಷಕಿ ಸುವರ್ಣಾ ಟೀಚರ್, ಮಹಿಳಾ ಸಂಘದ ಭೀಮಬಾಯಿ, ಕಸಬರಿಗೆ ಹಿಡಿದು ಅವಳ ಹಿಂದೆ ಬಂದ ತಾಯಂದಿರು ಮತ್ತು ನಾನು. ಶಾಲೆಯ ಗೇಟಿನಿಂದ ಬುದ್ಧ ವಿಹಾರದ ಓಣಿ ದಾಟಿ, ಕಾಲುವೆಗೆ ಹೋಗುವ ಕವಲಿನವರೆಗೆ ದಾರಿ ಸ್ವಚ್ಛ ಮಾಡುವುದು ಆ ದಿನದ ಕೆಲಸ.

ನಾನು ಸುರಪುರದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಹುಣಸಗಿ ರಸ್ತೆಯ ಈ ಹಳ್ಳಿಯಲ್ಲಿ ನನ್ನನ್ನು ಈಗಲೂ ಕಂಟ್ರೋಲರ್ ಎಂದೇ ಕರೆಯುತ್ತಾರೆ. ಹಿರಿಯನೆಂದು ಶಾಲಾ ಸಮಿತಿಗೆ ಸೇರಿಸಿಕೊಂಡಾಗ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅಲ್ಲಿಗೂ ತಂದೆ. ಆಗ ಶಾಲೆ ಬಿಟ್ಟ ಕೂಡಲೇ ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದರು. ದಾರಿಯಲ್ಲಿ ದೊಡ್ಡವರು ಸಣ್ಣವರನ್ನು ಹೊಡೆಯುತ್ತಿದ್ದರು, ಆ ಹೆದರಿಕೆಗೇ ಕೆಲವರು ಶಾಲೆ ತಪ್ಪಿಸುತ್ತಿದ್ದರು. ನಾನು ಓಣಿಗೊಂದು ಲೈನು ಮಾಡಿಸಿದೆ. ಪ್ರತಿ ಲೈನಿಗೆ ದೊಡ್ಡ ತರಗತಿಯ ಒಬ್ಬ ನಾಯಕಿ ಅಥವಾ ನಾಯಕ. ಅಂಗಳದಲ್ಲಿ ಸುಣ್ಣದ ಗುರುತಿನ ಮೇಲೆ ನಿಂತು ಎಲ್ಲರೂ ಬಂದ ಮೇಲೆಯೇ ಲೈನು ಬಿಡಬೇಕು. ಮಕ್ಕಳೆಲ್ಲ ಮನೆ ಸೇರಿದ ಮೇಲೆ ನಾಯಕರು ನಮ್ಮ ಮನೆಯ ಕಟ್ಟೆಗೆ ಬಂದು "ಮುಟ್ಯಾರ್ರಿ" ಎಂದು ಹೇಳಿ ಹೋಗಬೇಕು. ತಾಯಂದಿರು ಇದನ್ನು ಒಪ್ಪಿಕೊಂಡರು. ಮಕ್ಕಳಿಗಂತೂ ತಮ್ಮ ಲೈನು ಎಂದರೆ ಜಂಬವೇ ಬಂದುಬಿಟ್ಟಿತು.

ಜುಲೈ ಕೊನೆಗೆ ಊರ ಹೊರಗಿನ ಗದ್ದೆಗೆ ಒಂದು ಕುರಿಹಟ್ಟಿ ಬಂತು. ಭತ್ತ ನಾಟಿಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಕಡೆ ವಾಡಿಕೆ. ಹಟ್ಟಿಯ ನಿಂಗಮ್ಮ ತನ್ನ ಮಗಳು ಮಾಳಮ್ಮನನ್ನು ಶಾಲೆಗೆ ಕರೆತಂದಳು. ಸುವರ್ಣಾ ಟೀಚರ್ ನಾಲ್ಕನೆಯ ತರಗತಿಯಲ್ಲಿ ಕೂರಿಸಿಕೊಂಡರು. ಸಂಜೆ ಲೈನು ನಿಂತಾಗ ಆ ಹುಡುಗಿ ಬೇವಿನ ಮರದ ಕೆಳಗೆ ಒಬ್ಬಳೇ ಉಳಿದಳು.

"ಈಕಿದು ಯಾವ ಓಣಿ?" ಎಂದು ಕೇಳಿದೆ.

"ಹಟ್ಟಿಗೆ ಓಣಿ ಎಲ್ಲಿಂದ ಬರ್ಬೇಕ್ರಿ ಅಜ್ಜಾ?" ಎಂದಳು ಏಳನೆಯ ತರಗತಿಯ ಸುಜಾತಾ. ಅವಳು ವಿಹಾರದ ಓಣಿಯ ನಾಯಕಿ. "ನಮ್ಮ ಲೈನಿನಾಗ ಬರ್ಲಿ ಬಿಡ್ರಿ. ಕವಲಿಗೆ ಬಿಟ್ರ ಹಟ್ಟಿ ಕಾಣ್ತದ, ಹೋಗ್ತಾಳ."

ಹಾಗೇ ನಡೆದಿತ್ತು. ಕವಲಿನಿಂದ ಹಟ್ಟಿ ಕಣ್ಣಳತೆಯಲ್ಲೇ ಇದ್ದುದರಿಂದ ನಾನೂ ಆಕ್ಷೇಪಿಸಲಿಲ್ಲ.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. ಸಣ್ಣ ತರಗತಿಯ ಮಕ್ಕಳು ಅಂಗಳದ ಗಿಡಗಳಿಗೆ ನೀರು ಹಾಕುತ್ತಿದ್ದರು. ಹೊರಗೆ ಹೆಂಗಸರು ಬಿರುಸಾಗಿ ಗುಡಿಸಿದರು. ಕಲ್ಲು, ಮುಳ್ಳು, ಟೊಂಗೆ, ಪ್ಲಾಸ್ಟಿಕ್, ಯಾವುದನ್ನೂ ಬಿಡಲಿಲ್ಲ.

"ಕಂಟ್ರೋಲರ್ ಸಾಹೇಬ್ರ, ನಿಮ್ಮ ಬಸ್‌ಸ್ಟ್ಯಾಂಡ್ ಇಷ್ಟು ಸಾಫ್ ಇತ್ತೇನ್ರಿ?" ಎಂದು ಭೀಮಬಾಯಿ ಕೆಣಕಿದಳು.

"ನೀ ಅಲ್ಲಿ ಇರಲಿಲ್ಲವಲ್ಲ ತಾಯಿ" ಎಂದೆ. ಎಲ್ಲರೂ ನಕ್ಕರು. ಕವಲಿನವರೆಗೂ ದಾರಿ ಕನ್ನಡಿಯಂತಾಯಿತು.

ಹನ್ನೆರಡಕ್ಕೆ ಲೈನುಗಳನ್ನು ಬಿಟ್ಟೆವು. ಗೇಟಿಗೆ ಬೀಗ ಹಾಕಿ, ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಬ್ಬೊಬ್ಬರೇ ನಾಯಕರು ಬಂದು ವರದಿ ಕೊಟ್ಟು ಹೋದರು. ವಿಹಾರದ ಓಣಿಯಿಂದ ಮಾತ್ರ ಯಾರೂ ಬರಲಿಲ್ಲ. ಊಟಕ್ಕೆ ಕರೆದರೂ ನಾನು ಏಳಲಿಲ್ಲ. ಬರಬೇಕಾದ ಬಸ್ಸು ಬಾರದಿದ್ದಾಗ ಆಗುತ್ತಿದ್ದ ಅದೇ ಚಡಪಡಿಕೆ.

ಕೊನೆಗೆ ಸುಜಾತಾ ಓಡುತ್ತಾ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಜ್ಜಾ, ಎಲ್ಲಾರೂ ಮುಟ್ಯಾರ್ರಿ. ಮಾಳಮ್ಮ ಮುಟ್ಟಿಲ್ಲ."

"ಕವಲಿಗೆ ಬಿಟ್ಟಿಲ್ಲೇನು?"

"ಬಿಟ್ಟೀನ್ರಿ. ಹಟ್ಟಿ ಕಡಿ ನಾ ನೋಡ್ಲಿಲ್ರಿ, ಹೋದ್ಳು. ಆಮ್ಯಾಲ ನಮ್ಮ ಮನಿ ಮಾಳಿಗಿ ಹತ್ತಿ ನೋಡಿದ್ರ, ಆ ಹೊಲದಾಗ ಹಟ್ಟಿನ ಇಲ್ರಿ! ಬರೇ ನೀರು ನಿಂತದ. ನಾನೂ ಹೋಗಿ ಹುಡುಕಿದೆ, ಎಲ್ಲೂ ಕಾಣವಲ್ಲಳು."

ಆ ಹೊಲದ ಆಚೆಗೇ ಕಾಲುವೆ. ಆ ವಾರವಷ್ಟೇ ನೀರು ಬಿಟ್ಟಿದ್ದರು, ದಡದ ತುಂಬ ಹರಿಯುತ್ತಿತ್ತು.

ನಾನು ಸುವರ್ಣಾ ಟೀಚರ್‌ಗೆ ಫೋನ್ ಮಾಡಿದೆ. ಅವರು ಆಗಷ್ಟೇ ಸುರಪುರದ ಬಸ್ಸು ಹತ್ತಿದ್ದರು. ನಡುದಾರಿಯಲ್ಲೇ ಇಳಿದು, ಯಾರದೋ ಬೈಕಿನಲ್ಲಿ ಕುಳಿತು ಬಂದರು. ಭೀಮಬಾಯಿ ಓಣಿ ಓಣಿಗೆ ಕೂಗಿ ಸಂಘದ ಹೆಂಗಸರನ್ನು ಎಬ್ಬಿಸಿದಳು. ಬೆಳಿಗ್ಗೆ ಕಸಬರಿಗೆ ಹಿಡಿದವರೇ ಈಗ ಬರಿಗೈಯಲ್ಲಿ ಕಾಲುವೆಯ ಕಡೆ ಓಡಿದರು. ಗಂಡಸರು ಕಾಲುವೆಯ ಕೆಳಗಿನ ಗೇಟಿನವರೆಗೆ ನೋಡಿಬರಲು ಹೋದರು.

ಕಾಲುವೆಯ ಏರಿಯ ಮೇಲೆ ಒಂದು ಜಾಲಿಗಿಡದ ಕೊಂಬೆಗೆ ಶಾಲೆಯ ಚೀಲ ನೇತಾಡುತ್ತಿತ್ತು. ಮೊದಲು ಅದನ್ನು ಕಂಡವಳು ಸುಜಾತಾ. "ಮಾಳಿದು" ಎಂದಳು. ಎಲ್ಲರೂ ನೀರನ್ನೇ ನೋಡಿದೆವು. ಸುವರ್ಣಾ ಟೀಚರ್ ನನ್ನ ತೋಳು ಹಿಡಿದುಕೊಂಡರು.

ಹಿಂದಿನಿಂದ ಯಾರೋ ಅಂದರು: "ಇವತ್ತ ಇಲ್ಲಿ, ನಾಳಿ ಇನ್ನೆಲ್ಲೋ ಇರೋ ಹಟ್ಟಿ ಮಕ್ಕಳನ್ನ ಶಾಲಿಗೆ ಯಾಕ ಸೇರಿಸ್ಕೋಬೇಕಿತ್ತು? ಈಗ ಊರ ತಲೀಗೆ ಬಂತು ನೋಡ್ರಿ."

ಸುಜಾತಾ ಗಿರ್ರನೆ ತಿರುಗಿದಳು. "ಆಕಿ ನಮ್ಮ ಲೈನಿನಾಕಿ! ನಿಮ್ಮ ತಲೀಗೆ ಯಾಕ ಬರ್ತದ?" ಎಂದು ಅಳುತ್ತಲೇ ಕೂಗಿದಳು.

ಅಷ್ಟರಲ್ಲಿ ಆಚೆ ದಿಕ್ಕಿನಿಂದ ಏರಿಯ ಮೇಲೆ ನಿಂಗಮ್ಮ ಬಂದಳು. ಮಗಳು ಇನ್ನೂ ಬರಲಿಲ್ಲವೆಂದು ಹುಡುಕುತ್ತ ಹೊರಟವಳು, ಜನ ಕಂಡು ಓಡಿಬಂದಳು. ಗಂಡ ಫೋನು ತೆಗೆದುಕೊಂಡು ಶಹಾಪುರಕ್ಕೆ ಹೋಗಿದ್ದನಂತೆ. ಹೊಲದವನು ಬೆಳಿಗ್ಗೆ ಏಕಾಏಕಿ ನೀರು ಹಾಯಿಸಿದ್ದರಿಂದ ಅವಳು ಒಬ್ಬಳೇ ಕುರಿ ಎಬ್ಬಿಸಿಕೊಂಡು ಗುಡ್ಡದ ಕಡೆಯ ಹೊಲಕ್ಕೆ ಹೋಗಿದ್ದಳು.

"ಮಗಳಿಗೆ ಹೇಳದೇ ಹೋದೆಯೇನವ್ವಾ?" ಎಂದು ಟೀಚರ್ ಕೇಳಿದರು.

"ಯಾಕ ಹೇಳಿಲ್ರಿ? ಕವಲಿನ್ಯಾಗ ಬೇವಿನ ಟೊಂಗಿ ಇಟ್ಟೀನಿ. ತುದಿ ಗುಡ್ಡದ ಕಡಿ ಮಾಡಿ, ಮ್ಯಾಲ ಕಲ್ಲು ಹೇರೀನಿ. ಹಟ್ಟಿ ಎದ್ರ ನಾವು ಹಿಂಗ ಗುರ್ತು ಇಡೋದು. ಆಕಿಗೆ ಗೊತ್ತದ."

ಭೀಮಬಾಯಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದಳು. "ಎವ್ವಾ, ಆ ಟೊಂಗಿ ನಾನ ಎತ್ತಿ ತಿಪ್ಪಿಗೆ ಒಗದೀನಿ. ಕಸ ಅಂದ್ಕೊಂಡೆ."

ಕವಲಿನವರೆಗೂ ಗುಡಿಸಿ ಎಂದು ಹೇಳಿದ್ದವನು ನಾನು. ಆದರೆ ಆಗ ಅದನ್ನೆಲ್ಲ ಯೋಚಿಸುವ ಹೊತ್ತಲ್ಲ. ನಿಂಗಮ್ಮ ಚೀಲವನ್ನು ಕೈಗೆತ್ತಿಕೊಂಡು ನೋಡಿದಳು.

"ಇದು ಆಕಿನ ಹಾಕ್ಯಾಳ, ಗಂಟು ಕಟ್ಟ್ಯಾಳ ನೋಡ್ರಿ. ನಾ ಹುಡುಕ್ಕೋತ ಬಂದ್ರ ಗುರ್ತಾಗ್ಲಿ ಅಂತ. ನೀರಿಗೆ ಇಳಿದಿಲ್ಲ ನನ್ನ ಮಗಳು" ಎಂದಳು. ಹೇಳಿದ ಮೇಲೆ ನೀರಿನ ಕಡೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಜನ ನಾಲ್ಕೂ ದಿಕ್ಕಿಗೆ ಚದುರಿದ್ದರು. ಯಾರಿಗೆ ಏನು ಸಿಕ್ಕಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಶಾಲೆಯ ಗಂಟೆ ಬಾರಿಸಿದರೆ ಅದರ ಸದ್ದು ಗುಡ್ಡದವರೆಗೂ ಕೇಳುತ್ತದೆ. ಹುಡುಗಿ ಎಲ್ಲೇ ಇದ್ದರೂ ಆ ದಿಕ್ಕು ಹಿಡಿದು ಬಂದಾಳು ಎಂದುಕೊಂಡೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಸುಜಾತಾಳನ್ನು ಕರೆದುಕೊಂಡು ಬಿರಬಿರನೆ ನಡೆದೆ. ಅವಳು ನನಗಿಂತ ಮುಂದೆ ಓಡುತ್ತಾ, "ಜಲ್ದಿ ಬರ್ರಿ ಅಜ್ಜಾ, ಜಲ್ದಿ" ಎನ್ನುತ್ತಿದ್ದಳು. ಗೇಟಿನ ಬಳಿ ಕೀಲಿಯನ್ನು ಅವಳ ಕೈಗೇ ಕೊಟ್ಟೆ. ಅವಳೇ ತೆಗೆದಳು.

ಅಂಗಳದಲ್ಲಿ, ಬೇವಿನ ಮರದ ನೆರಳಿನಲ್ಲಿ, ವಿಹಾರದ ಓಣಿಯ ಲೈನು ನಿಲ್ಲುವ ಸುಣ್ಣದ ಗುರುತಿನ ಮೇಲೆ ಮಾಳಮ್ಮ ಕುಳಿತಿದ್ದಳು. ಚಪ್ಪಲಿಗಳನ್ನು ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದಳು. ಹಿಂದಿನ ಗೋಡೆ ಬಿದ್ದ ಕಡೆಯಿಂದ ಒಳಗೆ ಬಂದಿದ್ದಳು.

ನಾನು ಶಾಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಎಲ್ಲಿ ಹೋಗಿದ್ದಿಯೇ?" ಎಂದು ಸುಜಾತಾ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಎಲ್ಲೂ ಇಲ್ಲ. ಹಟ್ಟಿ ಹೋಗ್ಯದ. ಅವ್ವ ಟೊಂಗಿ ಇಟ್ಟಿಲ್ಲ. ಕಾಲವಿ ತನಕ ಹೋಗಿ ನೋಡಿದೆ, ಅಂಜಿಕಿ ಬಂತು." ಆಮೇಲೆ ನನ್ನ ಕಡೆ ತಿರುಗಿ, ತಾನೇನೋ ತಪ್ಪು ಮಾಡಿದವಳಂತೆ ಮೆಲ್ಲಗೆ ಹೇಳಿದಳು: "ಲೈನು ಇಲ್ಲಿಂದ ಬಿಡ್ತೀರಲ್ರಿ ಅಜ್ಜಾ. ಮತ್ತ ಬಿಡ್ತೀರಂತ ಕುಂತೀನಿ."

ಎದ್ದು ಗಂಟೆ ಬಾರಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ನಾನು ಗಂಟೆ ಬಾರಿಸಿದ್ದು ಅದೊಂದೇ ಸಲ. ನಿಲ್ಲಿಸಬೇಕೆಂಬುದೇ ಮರೆತುಹೋಗಿತ್ತು.

ಕಾಲುವೆಯಿಂದ, ಹೊಲಗಳಿಂದ ಜನ ಓಡಿಬಂದರು. ನಿಂಗಮ್ಮ ಬಂದವಳೇ ಮಗಳ ಬೆನ್ನಿಗೊಂದು ಗುದ್ದಿ, ಮರುಕ್ಷಣ ಎದೆಗವಚಿಕೊಂಡಳು. ಶಾಲೆಯ ಸಭೆಗೆ ಎಷ್ಟು ಕರೆದರೂ ಬಾರದ ಮನೆಗಳವರು ಆ ದಿನ ಅಂಗಳದಲ್ಲಿ ನಿಂತಿದ್ದರು. ಊರ ತಲೆಗೆ ಬಂತು ಎಂದಿದ್ದವರು ಮಗುವಿಗೆ ನೀರು ತಂದುಕೊಟ್ಟರು. ಯಾರನ್ನೂ ಬಯ್ಯುವ ಮನಸ್ಸು ನನಗಾಗಲಿಲ್ಲ.

"ಲೈನು ಬಿಡೋಣೇನ್ರಿ?" ಎಂದು ಸುಜಾತಾ ಕೇಳಿದಳು.

ವಿಹಾರದ ಓಣಿಯ ಮಕ್ಕಳೆಲ್ಲ ಗುರುತಿನ ಮೇಲೆ ನಿಂತರು. ಈ ಸಲ ಲೈನು ಕವಲಿನಲ್ಲಿ ನಿಲ್ಲಲಿಲ್ಲ. ನಿಂಗಮ್ಮ ಮುಂದೆ, ಟೀಚರ್ ಹಿಂದೆ, ಗುಡ್ಡದ ಕಡೆಯ ಹೊಲದವರೆಗೂ ಹೋಯಿತು. ಭೀಮಬಾಯಿ ತಿಪ್ಪೆ ಕೆದಕಿ ಆ ಬೇವಿನ ಟೊಂಗೆಯನ್ನು ಹುಡುಕಿ ತಂದು, ನಿಂಗಮ್ಮನನ್ನು ಕೇಳಿ ಕೇಳಿ, ತುದಿ ಸರಿಯಾದ ದಿಕ್ಕಿಗೆ ಮಾಡಿ ಕವಲಿನಲ್ಲಿ ಇಟ್ಟಳು.

ಹಟ್ಟಿ ನಮ್ಮ ಸೀಮೆಯಲ್ಲಿ ಇರುವವರೆಗೂ ಹಾಗೇ ನಡೆಯಿತು. ಅದು ಎಲ್ಲಿರುತ್ತದೋ ಅಲ್ಲಿಯವರೆಗೆ ಲೈನು. ಕುರಿ ಎದ್ದ ದಿನ ನಿಂಗಮ್ಮನೇ ಶಾಲೆಗೆ ಬಂದು ಹೇಳುತ್ತಿದ್ದಳು, ಟೊಂಗೆಯನ್ನೂ ಇಡುತ್ತಿದ್ದಳು. ಓಣಿ ಇದ್ದವರಿಗೆ ಮಾತ್ರ ಸಾಲುವ ವ್ಯವಸ್ಥೆಯನ್ನು ನಾನು ಮಾಡಿದ್ದೆ, ಅದರಲ್ಲಿ ಆ ಹುಡುಗಿಗೆ ಜಾಗ ಮಾಡಿದವರು ಮಕ್ಕಳು. ಈಗಲೂ ದಾರಿಯಲ್ಲಿ ಕಲ್ಲು ಹೇರಿದ ಟೊಂಗೆ ಕಂಡರೆ ನಾನು ಬಳಸಿಕೊಂಡು ಹೋಗುತ್ತೇನೆ. ತುಂಬಿದ ಕಾಲುವೆ ಕಂಡರೆ ಆ ಚೀಲ ಕಣ್ಣ ಮುಂದೆ ಬರುತ್ತದೆ.

ಆ ದಿನ ನಾನು ಮನೆಗೆ ಹೋಗದೆ ಶಾಲೆಯ ಗೇಟಿನಲ್ಲೇ ಕಾದೆ. ಬಿಸಿಲು ಇಳಿಯುವ ಹೊತ್ತಿಗೆ ಸುಜಾತಾ ಧೂಳು ಮೆತ್ತಿದ ಬರಿಗಾಲಲ್ಲಿ ಬಂದು ನೆಟ್ಟಗೆ ನಿಂತಳು.

"ಮಾಳಮ್ಮ ಮುಟ್ಯಾಳ್ರಿ ಅಜ್ಜಾ."

"ಬೇಷ್. ನೀ ಇನ್ನ ಊಟ ಮಾಡ್ಹೋಗು" ಎಂದೆ. ಆಮೇಲೆ ಗೇಟಿಗೆ ಬೀಗ ಹಾಕಿದೆ.