ಅಟ್ಟದ ಒಂಟಿ ಕಾಯಿ

ಹೊನ್ನವಳ್ಳಿಯ ದ್ರಾಕ್ಷಾಯಣಮ್ಮನಿಗೆ ಅರವತ್ತರ ವಯಸ್ಸಿನಲ್ಲಿ ಸವತಿ ಬಂದಳು. ಬಂದದ್ದು ಗಾಜಿನ ಮುಖದ ಒಂದು ಟ್ಯಾಬ್.

ಗಂಡ ಮಲ್ಲಿಕಾರ್ಜುನಯ್ಯನಿಗೆ ಲಕ್ವ ಹೊಡೆದು ಮಾತು ನಿಂತು ಎಂಟು ತಿಂಗಳಾಗಿತ್ತು. ವಾರಕ್ಕೊಮ್ಮೆ ತಿಪಟೂರಿನಿಂದ ಥೆರಪಿಸ್ಟ್ ಲಿಖಿತಾ ಬಂದು ಚಿತ್ರ ಬರೆಸುತ್ತಿದ್ದಳು. ಕೈಗೂ ಮನಸ್ಸಿಗೂ ಅದೇ ಚಿಕಿತ್ಸೆ. ಅವಳ ಟ್ಯಾಬ್‌ನಲ್ಲಿದ್ದ ಎಐ ಹಳೆಯ ಚಿತ್ರಗಳನ್ನು ಹೋಲಿಸಿ, ಮುಂದೇನು ಬರೆಸಬಹುದೆಂದು ಸೂಚಿಸುತ್ತಿತ್ತು. ಹೆಂಡತಿ ಗಂಜಿ ತಂದರೆ ಮುಖ ತಿರುಗಿಸುವ ಮನುಷ್ಯ ಟ್ಯಾಬ್ ಕಂಡರೆ ಎದ್ದು ಕೂರುತ್ತಿದ್ದ.

"ನಲವತ್ತು ವರ್ಷ ಮುದ್ದೆ ತಿರುವಿದೋಳು ನಾನು. ನಗೋದು ಮಾತ್ರ ಅದರ ಮುಂದೆ!" ಎಂದು ಪಕ್ಕದ ಮನೆಯ ಕಾಟಮ್ಮನ ಹತ್ತಿರ ದೂರಿದಳು.

"ಅದಕ್ಕೂ ಒಂದು ಸೀರೆ ಉಡ್ಸಿ ಕೂರ್ಸ್ಕೊ ಬುಡಕ್ಕ," ಎಂದು ಕಾಟಮ್ಮ ನಕ್ಕಳು.

ಒಂದು ಸೋಮವಾರ ಮಲ್ಲಿಕಾರ್ಜುನಯ್ಯ ಹಾಳೆಯ ಮೇಲೆ ಸಾಲಾಗಿ ಗುಂಡು ಗುಂಡು ಆಕಾರಗಳನ್ನು ಬರೆದು, ಒಂದನ್ನು ಮಾತ್ರ ದೂರ ಬಿಟ್ಟ.

"ಆ ಗುಂಡು ಅವರೇ ಇರಬಹುದು, ಒಂಟಿತನ ಕಾಡ್ತಿರಬಹುದು ಅಂತಿದೆ ಈ ಟ್ಯಾಬ್. ನಿಮಗೇನನ್ಸುತ್ತಮ್ಮ?" ಎಂದಳು ಲಿಖಿತಾ.

ದ್ರಾಕ್ಷಾಯಣಮ್ಮನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ವರ್ಷವಿಡೀ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸುವಾಗ ಅವನು ಅನುಮಾನದ ಕಾಯನ್ನು ಪಕ್ಕಕ್ಕಿಡುತ್ತಿದ್ದ. ಅವಳು ಅದನ್ನು ಕಿವಿಯ ಬಳಿ ಅಲ್ಲಾಡಿಸಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎಂದರೆ "ಆಗೈತೆ" ಎನ್ನಬೇಕು. ಅವಳು ಹೇಳದೆ ಅವನು ಮಚ್ಚು ಎತ್ತಿದವನಲ್ಲ.

"ಎಲ್ಲಾ ತಿಳಿದಿರೋದು ಅದಲ್ವೇ? ಅದನ್ನೇ ಕೇಳು," ಎಂದು ಒಳಗೆ ನಡೆದಳು.

ಮುಂದಿನ ವಾರ ಒಂಟಿ ಗುಂಡನ್ನು ಸಾಲಿಗೆ ಸೇರಿಸಿ ಬರೆಯಲು ಲಿಖಿತಾ ಹೇಳಿದಳು. ಮಲ್ಲಿಕಾರ್ಜುನಯ್ಯ ಕ್ರೇಯಾನ್ ಎಸೆದ. ಅದರ ಮುಂದಿನ ವಾರ ಮುಷ್ಟಿಯನ್ನೇ ಬಿಚ್ಚಲಿಲ್ಲ. ತಿಂಗಳುಗಟ್ಟಲೆ ಕಷ್ಟಪಟ್ಟು ತೆರೆಸಿದ ಕೈ ಅದು.

ದ್ರಾಕ್ಷಾಯಣಮ್ಮ ಅಟ್ಟಕ್ಕೆ ಏಣಿ ಹಾಕಿದಳು. ಹತ್ತಿ ಒಂದು ಕಾಯಿ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ನೋಡಿದ. ಬೆರಳು ಬಿಚ್ಚಿ ಕಾಯನ್ನು ಅವಳ ಕಿವಿಯತ್ತ ಎತ್ತಿದ.

"ಇನ್ನೂ ಆಗಿಲ್ಲ ಕಣ್ರೀ," ಎಂದಳು ಅಲ್ಲಾಡಿಸಿ ನೋಡಿ. ಅವನು ಅರ್ಧ ಬಾಯಲ್ಲೇ ನಕ್ಕ.

"ಆ ಚಿತ್ರದ ಅರ್ಥ ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಲಿಖಿತಾ ಕೇಳಿದಳು.

"ಗೊತ್ತಿತ್ತು ಕಣವ್ವ. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ," ಎಂದು ದ್ರಾಕ್ಷಾಯಣಮ್ಮ ಕಾಯಿಯ ಕಥೆ ಹೇಳಿದಳು.

"ನಾನೂ ಇನ್ನೊಂದ್ಸಲ ಕೇಳದೆ ಇದನ್ನೇ ನಂಬಿಬಿಟ್ಟೆ," ಎಂದು ಲಿಖಿತಾ ಆ ಕಥೆಯನ್ನು ಟ್ಯಾಬ್‌ಗೆ ಬರೆದು ಸೇರಿಸಿದಳು. ಕಾಯಿಗೆ ಕಿವಿಗೊಡುವವರನ್ನು ಬರೆಸಿ ನೋಡಿ ಎಂದು ಅದು ಸೂಚಿಸಿತು.

ಅವನು ಬಹಳ ಹೊತ್ತು ಬರೆದ. ಹಾಳೆಯ ತುಂಬ ಒಂದೇ ಕಿವಿ, ಅದಕ್ಕೊಂದು ಓಲೆ. ಲಿಖಿತಾ ಫೋಟೊಗೆಂದು ಟ್ಯಾಬ್ ಎತ್ತಿದಳು.

"ತಾಳು," ಎಂದು ದ್ರಾಕ್ಷಾಯಣಮ್ಮ ಹಾಳೆ ಕಿತ್ತುಕೊಂಡು ಬಾಗಿಲ ಬೆಳಕಿಗೆ ಹೋದಳು. "ಮೊದ್ಲು ನಾನು ನೋಡ್ತೀನಿ. ಆಮೇಲೆ ಅದು ನೋಡ್ಲಿ."